ಪುಟ್ಟ ಮಕ್ಕಳಿಗೆ ಸರೀಸೃಪಗಳ ಪಾಠ ಎಲ್ಲಿಂದ ಶುರು ಮಾಡಬೇಕು?

ಈ ಪ್ರಶ್ನೆಯನ್ನು ಅಪ್ಪ ಅಮ್ಮಂದಿರೂ ಕೇಳುತ್ತಾರೆ, ಹೊಸದಾಗಿ ಪಾಠ ಮಾಡಲು ಬಂದವರೂ ಕೇಳುತ್ತಾರೆ. ಜೊತೆಗೆ ಒಂದು ಮಾತು ಸೇರಿಸುತ್ತಾರೆ: "ಐದು ವರ್ಷದ ಮಗುವಿಗೆ ಆ ಪದ ಹೇಳಲಿಕ್ಕೇ ಕಷ್ಟ ಅಲ್ವಾ?"

ಪದ ಕಷ್ಟವೇ ಅಲ್ಲ. ಡೈನೋಸಾರ್‌ಗಳ ಹೆಸರನ್ನೆಲ್ಲ ಪಟಪಟ ಒಪ್ಪಿಸುವ ಮಕ್ಕಳಿಗೆ ಸರೀಸೃಪ ಯಾವ ಲೆಕ್ಕ! ತೊಡಕು ಇರುವುದು ಅದರ ಅರ್ಥದಲ್ಲಿ. ಸರೀಸೃಪ ಅಂದರೆ ತೆವಳುವುದು ಅಂತ ನಾವು ಹೇಳಿಬಿಡುತ್ತೇವೆ. ಮಗು ಅದನ್ನೇ ನಂಬಿ ಎರೆಹುಳ, ಬಸವನಹುಳ ಎರಡನ್ನೂ ಒಳಗೆ ಸೇರಿಸಿಕೊಂಡು, ಹೊಟ್ಟೆ ಎತ್ತಿ ನಾಲ್ಕು ಕಾಲಲ್ಲಿ ನಡೆಯುವ ಮೊಸಳೆಯನ್ನು ಹೊರಗೆ ಬಿಡುತ್ತದೆ. ತಪ್ಪು ಮಗುವಿನದಲ್ಲ.

ಹಾಗಾಗಿ ನಾನು ನಡಿಗೆ ಬಿಟ್ಟು ಚರ್ಮದಿಂದ ಶುರು ಮಾಡುತ್ತೇನೆ. ಒಣ ಚರ್ಮ, ಅದರ ಮೇಲೆ ಹುರುಪೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಹಾವಿನ ಪೊರೆ ತೋರಿಸುವುದು ಒಳ್ಳೆಯದು. ಪಾರದರ್ಶಕ ಡಬ್ಬಿಯಲ್ಲಿಟ್ಟು ಕೈಗೆ ಭೂತಗನ್ನಡಿ ಕೊಡಿ. ಬೆನ್ನಿನ ಕಡೆ ಸಣ್ಣ ಸಣ್ಣ ಹುರುಪೆಗಳ ಸಾಲು, ಹೊಟ್ಟೆಯ ಕಡೆ ಅಗಲವಾದ ಪಟ್ಟಿಗಳು. ತಲೆಯ ಭಾಗ ಹರಿಯದೆ ಉಳಿದಿದ್ದರೆ ಅಲ್ಲಿ ಎರಡು ಪುಟ್ಟ ಗಾಜಿನ ಬಿಲ್ಲೆಗಳಂಥವು ಕಾಣುತ್ತವೆ. ಅವು ಹಾವಿನ ಕಣ್ಣಿನ ಮೇಲಿದ್ದ ಹುರುಪೆಗಳು! ಹಾವಿಗೆ ರೆಪ್ಪೆ ಇಲ್ಲ, ಅದರ ಬದಲು ಈ ಮುಚ್ಚಳ. ಪೊರೆ ಬಿಡುವಾಗ ಅದೂ ಕಳಚಿ ಬರುತ್ತದೆ. ಇದನ್ನು ನೋಡಿದ ಮಕ್ಕಳು ಸುಮ್ನೆ ಕೂತಿದ್ದನ್ನು ನಾನು ನೋಡಿಲ್ಲ, ತಕ್ಷಣ ತಮ್ಮ ರೆಪ್ಪೆ ಮುಟ್ಟಿಕೊಳ್ಳುತ್ತಾರೆ. (ಪೊರೆ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಿ.)

ಆಮೇಲೆ ಜೋಡಿ ಚಿತ್ರಗಳು. ನನ್ನ ಪ್ರಕಾರ ಪಾಠದ ಜೀವ ಇಲ್ಲಿದೆ. ಹಾವು, ಆನೆ ಎರಡನ್ನೂ ಇಟ್ಟು ಯಾವುದು ಸರೀಸೃಪ ಅಂತ ಕೇಳಿದರೆ ಮಗು ಏನನ್ನೂ ಯೋಚಿಸಬೇಕಾಗಿಲ್ಲ. ಹಲ್ಲಿ ಮತ್ತು ಸಾಲಮಾಂಡರ್ ಇಡಿ. ಎರಡಕ್ಕೂ ಅದೇ ಆಕಾರ, ಅದೇ ಬಾಲ. ಆದರೆ ಸಾಲಮಾಂಡರ್‌ಗೆ ಹುರುಪೆ ಇಲ್ಲ, ಒದ್ದೆ ನುಣುಪು ಮೈ. ಅದು ಕಪ್ಪೆಯ ಬಳಗ. ಚಿಪ್ಪುಹಂದಿಗೆ ಮೈತುಂಬ ಚಿಪ್ಪಿದೆ, ಆದರೆ ಮರಿಗೆ ಹಾಲು ಕೊಡುತ್ತದೆ. ಮೀನಿಗೂ ಹುರುಪೆ ಇದೆ, ಆದರೆ ಉಸಿರಾಟ ಕಿವಿರಿನಲ್ಲಿ. ಕಾಲಿಲ್ಲದ ಹಲ್ಲಿಗಳೂ ಇವೆ. ಅವುಗಳಲ್ಲಿ ಹಲವು ಕಣ್ಣು ಮಿಟುಕಿಸುತ್ತವೆ, ಹಾವು ಮಿಟುಕಿಸುವುದಿಲ್ಲ. ಪೊರೆ ನೋಡಿದ ಮಗು ಇದನ್ನು ತಾನೇ ಹೇಳುತ್ತದೆ.

ವಿಂಗಡಣೆಗೆ ನಾಲ್ಕು ಬುಟ್ಟಿ ಸಾಕು. ಆಮೆಗಳಿಗೆ ಒಂದು, ಮೊಸಳೆಗಳಿಗೆ ಒಂದು. ಹಲ್ಲಿ, ಹಾವು ಎರಡೂ ಒಂದೇ ಬುಟ್ಟಿಗೆ. ಒಟ್ಟು 12,000ಕ್ಕೂ ಹೆಚ್ಚು ಸರೀಸೃಪ ಜಾತಿಗಳಲ್ಲಿ 11,000ಕ್ಕಿಂತ ಜಾಸ್ತಿ ಈ ಬುಟ್ಟಿಯವೇ. ನಾಲ್ಕನೆಯದರಲ್ಲಿ ಇರುವುದು ಒಂದೇ ಒಂದು ಜಾತಿ, ನ್ಯೂಜಿಲೆಂಡಿನ ಟುವಟಾರ. ನೋಡಲು ಥೇಟ್ ಹಲ್ಲಿ, ಆದರೆ ಹಲ್ಲಿಯಲ್ಲ. ಒಂಟಿಯಾಗಿರುವ ಅದರ ಮೇಲೆ ಮಕ್ಕಳಿಗೆ ಎಲ್ಲಿಲ್ಲದ ಪ್ರೀತಿ.

"ಶೀತರಕ್ತ" ಎಂಬ ಪದವನ್ನು ನಾನು ಬಳಸುವುದಿಲ್ಲ. ಬಿಸಿಲು ಕಾಯಿಸಿದ ಹಲ್ಲಿಯ ರಕ್ತ ಬೆಚ್ಚಗೇ ಇರುತ್ತದೆ. ಮೈ ಬೆಚ್ಚಗಾಗಲು ಅದಕ್ಕೆ ಹೊರಗಿನ ಬಿಸಿ ಬೇಕು ಅಂದರೆ ಮಗುವಿಗೆ ಅರ್ಥವಾಗುತ್ತದೆ. ಎಲ್ಲವೂ ಮೊಟ್ಟೆ ಇಡುತ್ತವೆ ಅಂತಲೂ ಹೇಳಬೇಡಿ, ಮರಿ ಹಾಕುವ ಹಾವುಗಳಿವೆ.

ವಿಷದ ಹಾವು ಯಾವುದು ಅಂತ ಗುರುತಿಸುವುದನ್ನು ಮಾತ್ರ ಈ ವಯಸ್ಸಿಗೆ ಕಲಿಸಲೇಬೇಡಿ. ಒಂದನ್ನೊಂದು ಹೋಲುವ ಹಾವುಗಳು ದೊಡ್ಡವರನ್ನೇ ಮೋಸ ಮಾಡುತ್ತವೆ. ಹಾವು ಕಂಡರೆ ಹಿಂದೆ ಸರಿ, ದೊಡ್ಡವರನ್ನು ಕರೆ. ಅಷ್ಟೇ.

ಒಮ್ಮೆ ಒಬ್ಬ ಹುಡುಗಿ ಕೋಳಿಯ ಚಿತ್ರ ಹಿಡಿದು ಬಂದಳು. "ಇದರ ಕಾಲಲ್ಲೂ ಹುರುಪೆ ಇದೆಯಲ್ಲ, ಯಾವ ಬುಟ್ಟಿಗೆ ಹಾಕಲಿ?" ಅಂದಳು. ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಎಲ್ಲಕ್ಕಿಂತ ಹತ್ತಿರದ ನೆಂಟರು ಹಕ್ಕಿಗಳೇ. ಅದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಚಿತ್ರವನ್ನು ಮೊಸಳೆ ಬುಟ್ಟಿಯ ಪಕ್ಕದಲ್ಲಿ, ನೆಲದ ಮೇಲೆ ಇಟ್ಟಳು. ನಾನು ಅದನ್ನು ಅಲ್ಲೇ ಬಿಟ್ಟೆ.