ಬಂದ ಹಣ ಯಾವ ಬಾಬ್ತು?

ಹದಿನೇಳು ವರ್ಷದಿಂದ ನಾನು ವಸೂಲಿ ಲೆಕ್ಕ ನೋಡುತ್ತಿದ್ದೇನೆ. ನಮ್ಮಿಂದ ಮಾಲು ಕೊಂಡ ಕಂಪನಿಗಳು ಎಷ್ಟು ಹಣ ಕೊಟ್ಟವು, ಎಷ್ಟು ಬಾಕಿ ಇಟ್ಟವು ಅಂತ ಬರೆದಿಡುವ ಕೆಲಸ. ಡಿಜಿಟಲ್ ಪಾವತಿ ಅಂದರೆ ಸಾಕು, ಎಲ್ಲರೂ ವೇಗದ ಮಾತೇ ಆಡುತ್ತಾರೆ. ಹಣ ತಡವಾಗಿ ಬಂದರೂ ಹೇಗೋ ನಿಭಾಯಿಸಬಹುದಿತ್ತು. ಬಂದ ಹಣ ಯಾವ ಬಾಬ್ತು ಅಂತ ಗೊತ್ತಾಗದೇ ಇದ್ದಾಗಲೇ ನನಗೆ ನಿದ್ದೆ ಕೆಡುತ್ತಿದ್ದದ್ದು.

ಒಂದು ಘಟನೆ ಇನ್ನೂ ಮನಸ್ಸಿನಲ್ಲಿದೆ. ತಿಂಗಳ ಕೊನೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಒಂದು ದೊಡ್ಡ ಮೊತ್ತ ಜಮಾ ಆಗಿತ್ತು. ಪಕ್ಕದಲ್ಲಿ ಅರ್ಧಕ್ಕೆ ತುಂಡಾದ ಒಂದು ಹೆಸರು, ಆಮೇಲೆ ‘ಬಿಲ್ ಪ್ರಕಾರ’ ಅಂತ ಎರಡು ಪದ. ಅಷ್ಟೇ. ಆ ಮೊತ್ತದ ಇನ್ವಾಯ್ಸ್ ನಮ್ಮಲ್ಲಿ ಒಂದೂ ಇರಲಿಲ್ಲ. ಎರಡೆರಡು ಕೂಡಿಸಿ ನೋಡಿದೆ, ಮೂರು ಮೂರು ಕೂಡಿಸಿ ನೋಡಿದೆ. ತಾಳೆ ಬೀಳಲಿಲ್ಲ. ಕೊನೆಗೆ ಸಸ್ಪೆನ್ಸ್ ಖಾತೆಗೆ, ಅಂದರೆ ಬಾಬ್ತು ಗೊತ್ತಾಗದ ಹಣ ಬರೆದಿಡುವ ಖಾತೆಗೆ ಹಾಕಿ, ಫೋನ್ ಮಾಡುತ್ತಾ ಕೂತೆ.

ಎರಡು ದಿನ ಬಿಟ್ಟು ಆ ಕಡೆಯ ಅಕೌಂಟ್ಸ್‌ನವರು ಸಿಕ್ಕರು. “ಮೂರು ಬಿಲ್ ಸೇರಿಸಿ ಹಾಕಿದ್ದೀವಿ. ಒಡೆದು ಬಂದ ಮಾಲಿಗೆ ನೀವು ಕೊಟ್ಟ ಕ್ರೆಡಿಟ್ ನೋಟ್ ಕಳೆದಿದ್ದೀವಿ, ನೋಡಿ” ಅಂದರು. ಕ್ರೆಡಿಟ್ ನೋಟ್ ಅಂದರೆ ಬಿಲ್‌ನಲ್ಲಿ ಇಷ್ಟು ಕಳೆದು ಕೊಡಿ ಅಂತ ನಾವು ಬರೆದುಕೊಡುವ ಚೀಟಿ. ಅದೂ ಸಾಲದು ಅಂತ ಮಧ್ಯದ ಬ್ಯಾಂಕು ತನ್ನ ಚಾರ್ಜ್ ಮುರಿದುಕೊಂಡಿತ್ತು. ಮೊತ್ತ ಹೊಂದುವುದಾದರೂ ಹೇಗೆ, ಅಲ್ವಾ? ಆದರೆ ಆ ಎರಡು ದಿನ ನಮ್ಮ ಸಾಫ್ಟ್‌ವೇರ್ ಅವರನ್ನು ಬಾಕಿದಾರರು ಅಂತಲೇ ತೋರಿಸುತ್ತಿತ್ತು. ಅವರ ಮುಂದಿನ ಲೋಡ್ ಗೋದಾಮಿನಲ್ಲೇ ನಿಂತಿತ್ತು. ಸರಿಯಾದ ದಿನಕ್ಕೆ ದುಡ್ಡು ಕೊಟ್ಟವರಿಗೇ ನಾವು ಮಾಲು ತಡೆದಿದ್ದೆವು. ಅದು ನನಗೆ ತುಂಬಾ ನೋವು ಕೊಟ್ಟಿತು.

ಇದರ ಬೇರು ಹಳೆಯದು. ದೇಶದಿಂದ ದೇಶಕ್ಕೆ ಹಣ ಕಳಿಸುವಾಗ ಬ್ಯಾಂಕುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲ ಸ್ವಿಫ್ಟ್. ಆ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದರ ಹಳೇ ಎಂಟಿ 103 ಸಂದೇಶದಲ್ಲಿ, ಹಣ ಯಾತಕ್ಕೆ ಅಂತ ಬರೆಯಲು ಇದ್ದ ಜಾಗ ನಾಲ್ಕೇ ಸಾಲು. ಸಾಲಿಗೆ 35 ಅಕ್ಷರ. ಒಟ್ಟು 140. ಹತ್ತು ಹನ್ನೆರಡು ಇನ್ವಾಯ್ಸ್‌ನ ನಂಬರು, ತಾರೀಖು, ಕಳೆದದ್ದು, ಕೂಡಿಸಿದ್ದು ಎಲ್ಲಾ ಅಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಹಣ ಒಂದು ದಾರಿಯಲ್ಲಿ ಬರುತ್ತಿತ್ತು, ಅದರ ವಿವರ ಇಮೇಲ್‌ನಲ್ಲಿ ಇನ್ನೊಂದು ದಾರಿಯಲ್ಲಿ. ಎಷ್ಟೋ ಸಲ ವಿವರ ಬರುತ್ತಲೇ ಇರಲಿಲ್ಲ.

ಈಗ ಅದರ ಜಾಗಕ್ಕೆ ಐಎಸ್‌ಒ 20022 ಅನ್ನುವ ಹೊಸ ಸಂದೇಶ ಮಾದರಿ ಬಂದಿದೆ. ಸ್ವಿಫ್ಟ್‌ನಲ್ಲಿ 2023ರ ಮಾರ್ಚ್‌ನಿಂದ ಹಳೆಯದು ಹೊಸದು ಎರಡೂ ಒಟ್ಟಿಗೆ ನಡೆದವು. 2025ರ ನವೆಂಬರ್‌ಗೆ ಆ ಅವಧಿ ಮುಗಿಯಿತು. ಹೊಸ ಸಂದೇಶದಲ್ಲಿ ಇನ್ವಾಯ್ಸ್ ನಂಬರಿಗೆ ಒಂದು ಗೂಡು, ತಾರೀಖಿಗೆ ಒಂದು, ಕ್ರೆಡಿಟ್ ನೋಟ್ ಮೊತ್ತಕ್ಕೆ ಇನ್ನೊಂದು. ಹಣದ ಜೊತೆಯಲ್ಲೇ ಅದರ ಲೆಕ್ಕವೂ ಬರಬಹುದು. ಸಾಫ್ಟ್‌ವೇರ್ ಅದನ್ನು ಓದಿ ತಾನೇ ಜಮಾ ಮಾಡಿಕೊಳ್ಳಬಹುದು. ಆದರೆ ಗೂಡು ಇದ್ದರೆ ಸಾಲದು, ತುಂಬುವವರು ಬೇಕು. ಕಳಿಸುವವರ ಸಾಫ್ಟ್‌ವೇರ್ ತುಂಬಬೇಕು, ಬ್ಯಾಂಕು ಅದನ್ನು ಕತ್ತರಿಸದೆ ದಾಟಿಸಬೇಕು. ಅದಕ್ಕೇ ನಮ್ಮ ದೊಡ್ಡ ಗ್ರಾಹಕರಿಗೆಲ್ಲಾ ನಾನೇ ಫೋನ್ ಮಾಡಿ, ದಯವಿಟ್ಟು ಆ ವಿವರ ಹಾಕಿ ಅಂತ ಕೇಳುತ್ತಿದ್ದೇನೆ.

ನನ್ನ ಕೆಲಸ ನಿಜಕ್ಕೂ ಹಗುರವಾದದ್ದು ಇನ್ನೂ ಸರಳವಾದ ಒಂದರಿಂದ. ವರ್ಚುವಲ್ ಅಕೌಂಟ್. ಒಬ್ಬೊಬ್ಬ ಗ್ರಾಹಕನಿಗೂ ಬೇರೆ ಬೇರೆ ಖಾತೆ ನಂಬರ್ ಕೊಡುತ್ತೇವೆ. ಹಣ ಬಂದು ಬೀಳುವುದು ನಮ್ಮ ಒಂದೇ ಖಾತೆಗೆ. ಆದರೆ ಯಾವ ನಂಬರಿಗೆ ಬಂತು ಅನ್ನುವುದರಿಂದಲೇ ಯಾರು ಕಳಿಸಿದರು ಅಂತ ಗೊತ್ತಾಗುತ್ತದೆ. ಹೆಸರು ತುಂಡಾದರೂ ಚಿಂತೆಯಿಲ್ಲ.

ವೇಗದ ಬಗ್ಗೆ ನನಗೆ ಒಂದು ಭಯ ಮಾತ್ರ ಇದೆ. ಹೋದ ಹಣ ವಾಪಸ್ ಬರುವುದು ಕಷ್ಟ. ಹಣ ಪಾವತಿಸುವ ಕಡೆ ಕೂರುವ ನನ್ನ ಸಹೋದ್ಯೋಗಿಗೆ ಒಮ್ಮೆ ಸಪ್ಲೈಯರ್ ಹೆಸರಲ್ಲಿ ಮೇಲ್ ಬಂತು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ.’ ಅದೇ ಲೆಟರ್‌ಹೆಡ್, ಅದೇ ಸಹಿ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆ. ಅವರು ಮೇಲ್‌ನಲ್ಲಿದ್ದ ನಂಬರ್ ಬಿಟ್ಟು, ಹಳೇ ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. “ನಾವು ಖಾತೆ ಬದಲಾಯಿಸೇ ಇಲ್ಲವಲ್ಲ” ಅಂದರು ಆ ಕಡೆಯವರು. ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಯೂರೋ ಬಳಸುವ ದೇಶಗಳಲ್ಲಿ ತಕ್ಷಣದ ಪಾವತಿ 10 ಸೆಕೆಂಡಿನಲ್ಲಿ ಮುಟ್ಟುತ್ತದೆ. ಅಲ್ಲಿ 2025ರ ಅಕ್ಟೋಬರ್‌ನಿಂದ ಹಣ ಹೋಗುವ ಮೊದಲೇ ಖಾತೆ ನಂಬರಿಗೂ ಹೆಸರಿಗೂ ಹೊಂದುತ್ತದೆಯೇ ಅಂತ ಬ್ಯಾಂಕು ನೋಡಿ ಹೇಳಬೇಕು. ಇದು ಎಲ್ಲಾ ಕಡೆ ಬರಬೇಕು ಅಂತ ನನ್ನ ಆಸೆ. ಬಂದ ಮೇಲೂ ಹಳೇ ನಂಬರಿಗೆ ಫೋನ್ ಮಾಡುವುದನ್ನು ಬಿಡಬೇಡಿ.

ನಿನ್ನೆ ತಿಂಗಳ ಲೆಕ್ಕ ಮುಗಿಸಿದೆ. ಸಸ್ಪೆನ್ಸ್ ಖಾತೆಯಲ್ಲಿ ಮೊದಲೆಲ್ಲಾ ಎರಡು ಪುಟ ಇರುತ್ತಿತ್ತು, ಈ ಸಲ ಉಳಿದದ್ದು ಒಂದೇ ಸಾಲು. ಯಾರೋ ನಮ್ಮ ಹಳೇ ಖಾತೆ ನಂಬರಿಗೇ ಹಾಕಿದ್ದಾರೆ, ವಿವರವಿಲ್ಲ. ಯಾರದೋ ಲೋಡ್ ನಿಲ್ಲುವ ಮೊದಲು, ನಾಳೆ ಬೆಳಿಗ್ಗೆ ಮೊದಲು ಅದನ್ನೇ ಹುಡುಕುತ್ತೇನೆ.