ಉಸಿರು ಎಣಿಸುವ ಪಾಠ: ಮೂರನೇ ಗುರುವಾರ

ಈ ವಾರ 8ರಲ್ಲಿ 7 ಜನ ಬಂದರು. ಒಬ್ಬರು ಕಡಲೆಕಾಯಿ ಕೀಳೋಕೆ ಹೋಗಿದ್ದರು. ಕೂಲಿ ಬಿಟ್ಟು ಬನ್ನಿ ಅನ್ನೋಕೆ ನನಗೆ ಬಾಯಿ ಬರಲ್ಲ.

ಎಲ್ಲರೂ ಪಾವಗಡ ಕಡೆಯ ನಮ್ಮ ಹಳ್ಳಿಯ ಸ್ತ್ರೀಶಕ್ತಿ ಸಂಘದವರು. ಕೆಮ್ಮುವ ಮಗುವಿನ ಉಸಿರು ಎಣಿಸಿ, ಜಾಸ್ತಿಯಿದ್ದರೆ (ನ್ಯುಮೋನಿಯಾ ಇರಬಹುದು ಅಂತ) ಆಶಾ ಅಕ್ಕನಿಗೆ ಫೋನ್ ಮಾಡೋದಷ್ಟೇ ಇವರ ಕೆಲಸ. ಔಷಧಿ ಮುಟ್ಟುವಂತಿಲ್ಲ. ಸುಮಾರು 1000 ಜನಕ್ಕೆ ಒಬ್ಬರೇ ಆಶಾ. ರಾತ್ರಿ ಮಗು ಏದುಸಿರು ಬಿಟ್ಟರೆ ಮೊದಲು ಓಡಿ ಬರೋದು ಪಕ್ಕದ ಮನೆಯವರೇ ಅಲ್ವಾ?

ಹೋದ ವಾರದ ಗೊಂದಲ ಬಗೆಹರಿಯಿತು. ಅಂಗಡಿ ಅಕ್ಕನ ಲೆಕ್ಕ 56 ಬಂದಿತ್ತು, ಅದೇ ಮಗುವಿಗೆ ನನ್ನದು 28. ಹೊಟ್ಟೆ ಏರಿದ್ದಕ್ಕೊಂದು, ಇಳಿದಿದ್ದಕ್ಕೊಂದು ಎಣಿಸಿದ್ದರು! ತಪ್ಪು ನನ್ನದೇ. "ಹೊಟ್ಟೆ ಆಡೋದನ್ನ ಎಣಿಸಿ" ಅಂದಿದ್ದೆ. ಈಗ "ಏರಿದಾಗ ಮಾತ್ರ" ಅನ್ನುತ್ತೇನೆ.

ಇನ್ನು ಮಣಿ ಸರ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರ 'ಸರ್ಚ್' ಸಂಸ್ಥೆ ಸೂಲಗಿತ್ತಿಯರಿಗೆ ಮಣಿ ಸರಿಸಿ ಉಸಿರು ಎಣಿಸೋದನ್ನು ಕಲಿಸಿತ್ತು. ಅದನ್ನೇ ನೋಡಿ ಬಳೆ ಅಂಗಡಿಯ ಮಣಿ ಪೋಣಿಸಿದೆ. 10 ಉಸಿರಿಗೆ ಒಂದು ಮಣಿ. ಒಂದು ನಿಮಿಷ ಮುಗಿಯೋದರೊಳಗೆ ಕೆಂಪು ಮಣಿ ಸರಿಸಿದರೆ ಉಸಿರು ಜೋರು ಅಂತ ಅರ್ಥ. 2 ತಿಂಗಳೊಳಗಿನ ಕೂಸಿಗೆ ಆರನೆಯದು ಕೆಂಪು, ಅಂದರೆ 60. ವರ್ಷದೊಳಗಿನವಕ್ಕೆ ಐದನೆಯದು, 5 ವರ್ಷದೊಳಗಿನವಕ್ಕೆ ನಾಲ್ಕನೆಯದು. ಮೂರು ಸರ ಅದಲುಬದಲಾಗುತ್ತಿದ್ದವು. ಕೂಸಿನ ಸರಕ್ಕೆ ಕಪ್ಪು ದಾರ ಹಾಕೋಣ, ಉಡಿದಾರದ ಹಾಗೆ ಅಂತ ಸಂಘದವರೇ ಹೇಳಿದರು. ನನಗೆ ಹೊಳೆದೇ ಇರಲಿಲ್ಲ.

ಎಲ್ಲರಿಗಿಂತ ಹಿರಿಯಜ್ಜಿ "ಲಾಭ, ಎರಡು, ಮೂರು" ಅಂತ ರಾಶಿ ಅಳೆಯುವ ಹಾಗೆ ಶುರು ಮಾಡಿದರು. ಎಣಿಕೆ ಸರಿಯಾಗೇ ಬಂತು. ನಾನು ತಿದ್ದಲು ಹೋಗಲಿಲ್ಲ.

ಅಭ್ಯಾಸ ಮಾಡಿದ್ದು ಅಂಗನವಾಡಿಯಲ್ಲಿ, ಮಕ್ಕಳು ಊಟ ಮಾಡಿ ಮಲಗಿದಾಗ. ಮೊದಲ ಸಲವೇ ಮೊಬೈಲ್ ಅಲಾರಂ ಕಿರುಚಿ ಮೂವರು ಎದ್ದು ಅತ್ತವು. ಅಳುವ ಮಗುವಿನ ಲೆಕ್ಕ ಲೆಕ್ಕವಲ್ಲ. ಆಮೇಲೆ ವೈಬ್ರೇಟ್‌ಗೆ ಹಾಕಿದೆವು. 5 ಜನರ ಎಣಿಕೆ ನನ್ನದಕ್ಕೆ ಎರಡು ಉಸಿರಿನೊಳಗೇ ಇತ್ತು. ಇಬ್ಬರದು ಮಗು ಮಗ್ಗುಲು ಬದಲಿಸಿದಾಗ ತಪ್ಪಿತು.

ಮುಂದಿನ ವಾರ ಎಳೆಗೂಸು. 60 ಮುಟ್ಟಿದರೆ ಇನ್ನೊಮ್ಮೆ ಎಣಿಸಲೇಬೇಕು. ಅಂಗಡಿ ಅಕ್ಕನ ನಾದಿನಿ ಹೆತ್ತು 20 ದಿನ ಆಯಿತು. ಬಾಣಂತಿ ಕೋಣೆಗೆ ಏಳು ಜನ ನುಗ್ಗೋದು ಬೇಡ ಅಂದರು ಅತ್ತೆ. ಅವರು ಹೇಳಿದ್ದೂ ಸರಿಯೇ. ಇಬ್ಬಿಬ್ಬರಾಗಿ, ಕೈ ತೊಳೆದು ಹೋಗೋದು ಅಂತಾಗಿದೆ.