ಪ್ಲಂಬರ್ ಬರುವ ಮುಂಚಿನ ಹತ್ತು ನಿಮಿಷ

ಮಲೆನಾಡಿನ ಒಂಟಿ ಮನೆಯಲ್ಲಿ ಪೈಪು ಒಡೆದರೆ ಪ್ಲಂಬರ್ ಕೂಡಲೇ ಬರಲು ಆಗುವುದಿಲ್ಲ. ನಾನು ಕೊಪ್ಪ, ಬಾಳೆಹೊನ್ನೂರು ಸುತ್ತಮುತ್ತ ಇದೇ ಕೆಲಸ ಮಾಡುವವನು. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ತೋಟ, ಹಳ್ಳ ಇರುತ್ತದೆ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದಿದ್ದರೆ ಬೈಕು ಅಲ್ಲೇ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನಡೆಯಬೇಕು. ಒಂದು ಇಂಚಿನ ಪೈಪು ಪೂರ್ತಿ ಕಿತ್ತುಹೋದರೆ 1000 ಲೀಟರ್ ಟ್ಯಾಂಕು ಅರ್ಧ ಗಂಟೆಯಲ್ಲಿ ಖಾಲಿಯಾಗಬಹುದು. ಅಷ್ಟು ಬೇಗ ನಾನು ಎಲ್ಲಿಂದ ತಲುಪಲಿ? ಅದಕ್ಕೇ ಈಗ ನಾನು ಕೆಲಸ ಮಾಡುವ ಮನೆಯಲ್ಲೆಲ್ಲ ಒಂದೇ ಮಾತು ಹೇಳುತ್ತೇನೆ. ನೀರು ನಿಲ್ಲಿಸುವುದು ನಿಮ್ಮ ಕೆಲಸ, ರಿಪೇರಿ ನನ್ನ ಕೆಲಸ.

ಈ ಮನೆಗಳಲ್ಲಿ ಈಗ ಹೆಚ್ಚಾಗಿ ಇರುವವರು ವಯಸ್ಸಾದವರು, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. "ನೀರು ನುಗ್ತಾ ಇದೆ ಮಾರಾಯ, ಬೇಗ ಬಾ" ಅಂತ ಫೋನ್ ಬಂದಾಗ ನಾನು ಮೊದಲು ಕೇಳುವುದು ಪೈಪಿನ ವಿಷಯ ಅಲ್ಲ. "ಅಮ್ಮ, ಸ್ವಿಚ್ ಬೋರ್ಡಿನ ಹತ್ತಿರ ನೀರು ಹೋಗಿದೆಯಾ? ನೀವು ನಿಂತಿರೋ ಜಾಗ ಒಣಗಿದೆಯಾ?" ಒಣಗಿದ್ದರೆ ಮೇನ್ ಆಫ್ ಮಾಡಿ ಅನ್ನುತ್ತೇನೆ. ನೀರಲ್ಲಿ ನಿಂತಿದ್ದರೆ ಯಾವ ಸ್ವಿಚ್ಚೂ ಮುಟ್ಟಬೇಡಿ, ಹೊರಗೆ ಬನ್ನಿ ಅನ್ನುತ್ತೇನೆ. ಚಾವಣಿ ನೆನೆದರೆ ಸುಣ್ಣ ಹೊಡೆಸಬಹುದು, ಕರೆಂಟು ಹೊಡೆದು ಹೋದ ಜೀವ ಮತ್ತೆ ಬರುತ್ತದಾ?

ಆಮೇಲೆ ವಾಲ್, ಅಂದರೆ ಪೈಪಿನ ನೀರು ಬಂದ್ ಮಾಡುವ ಸಾಧನ. ಹಿಡಿ ಇರುವ ಬಾಲ್ ವಾಲ್ ಆದರೆ ಫೋನಿನಲ್ಲಿ ಹೇಳುವುದು ಸುಲಭ: ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡ ತಿರುಗಿಸಿದರೆ ಬಂದ್. ಚಕ್ರ ಇರುವ ಹಳೇ ಗೇಟ್ ವಾಲ್ ಆದರೆ ಕಷ್ಟ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಅದು ತುಕ್ಕು ಹಿಡಿದು ಕೂತಿರುತ್ತದೆ, ಜೋರು ಮಾಡಿದರೆ ಒಳಗಿನ ಕಡ್ಡಿಯೇ ಮುರಿಯುತ್ತದೆ. ಅಂಥದ್ದು ಕಂಡರೆ ಬೇಸಿಗೆಯಲ್ಲೇ ತೆಗೆದು ಬಾಲ್ ವಾಲ್ ಹಾಕಿಸಿಕೊಳ್ಳಿ. ತಿಂಗಳಿಗೊಮ್ಮೆ ಸುಮ್ನೆ ಮುಚ್ಚಿ ತೆಗೆದರೆ ಅದೂ ಹಿಡಿದುಕೊಳ್ಳುವುದಿಲ್ಲ.

ಇನ್ನು ವಾಲ್ ಎಲ್ಲಿದೆ ಅನ್ನುವುದು. ಎಷ್ಟೋ ಮನೆಗಳಲ್ಲಿ ಅದು ಟ್ಯಾಂಕಿನ ಬುಡದಲ್ಲಿ, ಅಂದರೆ ಮಾಡಿನ ಮೇಲೆ ಇರುತ್ತದೆ. ಜಡಿಮಳೆಯಲ್ಲಿ, ಪಾಚಿ ಕಟ್ಟಿದ ಹೆಂಚಿನ ಮೇಲೆ ಎಪ್ಪತ್ತು ದಾಟಿದ ಯಜಮಾನರು ಏಣಿ ಹಾಕಿ ಹತ್ತಲು ಹೊರಡುತ್ತಾರೆ. ದಯವಿಟ್ಟು ಬೇಡ. ಕೆಳಗಿನ ಎಲ್ಲ ನಲ್ಲಿ ತೆರೆದುಬಿಡಿ, ಮೊದಲು ಬಚ್ಚಲಿನದು. ನೀರು ಒಡೆದ ಜಾಗಕ್ಕಿಂತ ನಲ್ಲಿಗಳಲ್ಲೇ ಜಾಸ್ತಿ ಹೋಗುತ್ತದೆ. ಹಂಡೆ, ಬಕೆಟ್ ತುಂಬಿಕೊಳ್ಳಿ, ಆ ದಿನದ ಅಡುಗೆಗಾದರೂ ಆಗುತ್ತದೆ. ನಾನು ಹೊಸ ಲೈನ್ ಎಳೆಯುವಾಗ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಎದೆಯೆತ್ತರದಲ್ಲಿ ಇನ್ನೊಂದು ವಾಲ್ ಹಾಕಿ, ಕೆಂಪು ಬಣ್ಣ ಬಳಿದು, ಫೋಟೊ ತೆಗೆದು ಮನೆಯವರಿಗೂ ಊರಾಚೆಯ ಮಕ್ಕಳಿಗೂ ವಾಟ್ಸಾಪ್ ಮಾಡುತ್ತೇನೆ. ಆ ಮನೆಯ ಅಮ್ಮನೇ ಒಂದು ಸಲ ಮುಚ್ಚಿ ತೋರಿಸುವವರೆಗೆ ನಾನು ಹೊರಡುವುದಿಲ್ಲ.

ಟ್ಯಾಂಕಿನ ನೀರು ಖಾಲಿಯಾದರೆ ನಿಲ್ಲುತ್ತದೆ. ಅಬ್ಬಿ ನೀರು, ಅಂದರೆ ಗುಡ್ಡದ ಒರತೆಯಿಂದ ತಾನಾಗಿಯೇ ಇಳಿದು ಬರುವ ನೀರು, ನಿಲ್ಲುವುದಿಲ್ಲ, ಹಗಲೂ ರಾತ್ರಿ ಬರುತ್ತಲೇ ಇರುತ್ತದೆ. ನಮ್ಮ ಕಡೆಯ ದೊಡ್ಡ ಒಡೆತಗಳೆಲ್ಲ ಹೆಚ್ಚಾಗಿ ಇದರಲ್ಲೇ. ಹಿಂದೆ ಅಡಿಕೆ ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ಕಾಲುವೆಯಲ್ಲಿ, ನೀರು ಬಂದು ಬಚ್ಚಲ ಕೊಟ್ಟಿಗೆಯ ತೊಟ್ಟಿಗೆ ಬೀಳುತ್ತಿತ್ತು, ಉಳಿದದ್ದು ತೋಟಕ್ಕೆ ಹೋಗುತ್ತಿತ್ತು. ಆಮೇಲೆ ಕಪ್ಪು ಪೈಪು ಬಂತು, ಆಗಲೂ ತುದಿ ತೆರೆದೇ ಇತ್ತು. ಈಗ ಅದೇ ಪೈಪನ್ನು ನೇರವಾಗಿ ಮನೆಯ ಲೈನಿಗೆ ಸೇರಿಸಿ ನಲ್ಲಿ, ಗೀಸರ್, ಶವರ್ ಹಾಕುತ್ತಾರೆ. ಲೆಕ್ಕ ಕಷ್ಟದ್ದಲ್ಲ: ನೇರ ಎತ್ತರದಲ್ಲಿ 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ ಒತ್ತಡ. ಒರತೆ ಮನೆಗಿಂತ 60 ಮೀಟರ್ ಮೇಲಿದ್ದರೆ 6 ಕೆಜಿ. ಅಂಗಡಿಯಲ್ಲಿ ನಾವು "4 ಕೆಜಿ ಪೈಪು ಕೊಡಿ, 6 ಕೆಜಿ ಪೈಪು ಕೊಡಿ" ಅಂತ ಕೇಳುವುದು ಇದನ್ನೇ, ಅದು ಪೈಪಿನ ತೂಕ ಅಲ್ಲ. ತುದಿ ತೆರೆದು ನೀರು ಹರಿಯುತ್ತಿರುವಾಗ ಕೆಳಗೆ ಅಷ್ಟು ಒತ್ತಡ ಬೀಳುವುದಿಲ್ಲ. ನಲ್ಲಿ ಮುಚ್ಚಿದಾಗ ಪೂರ್ತಿ ಭಾರ ಕೆಳಗಿನ ಜಾಯಿಂಟಿನ ಮೇಲೆ ಕೂರುತ್ತದೆ. ಹತ್ತು ವರ್ಷ ಏನೂ ಆಗದ ಪೈಪು ಹೊಸ ನಲ್ಲಿ ಹಾಕಿದ ವಾರವೇ ಒಡೆಯುವುದು ಇದಕ್ಕೇ. ಪಾಪ, ಮನೆಯವರು ಪೈಪಿನ ಕಂಪನಿಯನ್ನು ಬೈಯುತ್ತಾರೆ.

ಪರಿಹಾರ ಇದೆ. ಅಬ್ಬಿ ನೀರನ್ನು ಮೊದಲು ಒಂದು ಟ್ಯಾಂಕಿಗೆ ಬೀಳಿಸಿ. ಅಲ್ಲಿಂದ ಮನೆಗೆ ಬೇರೆ ಪೈಪು ಎಳೆಯಿರಿ. ಟ್ಯಾಂಕು ತುಂಬಿದ ಮೇಲೆ ಉಳಿದ ನೀರು ತೋಟಕ್ಕೆ ಹೋಗಲಿ. ಇಳಿಜಾರು ತೀರಾ ಜಾಸ್ತಿಯಿದ್ದರೆ ದಾರಿ ಮಧ್ಯೆ ಇನ್ನೊಂದು ಸಣ್ಣ ತೊಟ್ಟಿ ಕಟ್ಟಿ, ಒತ್ತಡ ಅಲ್ಲೇ ಮುರಿಯುತ್ತದೆ. ಉದ್ದ ಲೈನಿನ ವಾಲನ್ನು ಯಾವತ್ತೂ ಟಕ್ ಅಂತ ಮುಚ್ಚಬೇಡಿ. ಓಡಿ ಬರುತ್ತಿರುವ ನೀರು ಒಮ್ಮೆಲೇ ನಿಂತರೆ ಆ ಹೊಡೆತಕ್ಕೆ ಬೇರೆ ಕಡೆ ಜಾಯಿಂಟು ಬಿಡುತ್ತದೆ.

ಹೊರಡುವ ಮೊದಲು ನನಗೆ ಫೋಟೊ ಬೇಕು, ದಪ್ಪ ಗೊತ್ತಾಗಲು ಪೈಪಿನ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ತೆಗೆದದ್ದು. ನೆಟ್‌ವರ್ಕ್ ಇಲ್ಲದಿದ್ದರೆ ಬಾಯಲ್ಲೇ ಬಣ್ಣ ಹೇಳಿದರೂ ಸಾಕು. ಕಪ್ಪಾ, ಬಿಳಿಯಾ, ತಿಳಿ ಹಳದಿಯಾ, ಕಬ್ಬಿಣವಾ? ಯುಪಿವಿಸಿ, ಸಿಪಿವಿಸಿ ಎರಡೂ ಪ್ಲಾಸ್ಟಿಕ್ ಪೈಪುಗಳೇ, ಆದರೆ ಮುಕ್ಕಾಲು ಇಂಚಿನ ಬಿಳಿ ಯುಪಿವಿಸಿಗೂ ಮುಕ್ಕಾಲು ಇಂಚಿನ ತಿಳಿ ಹಳದಿ ಸಿಪಿವಿಸಿಗೂ ಹೊರಗಿನ ದಪ್ಪ ಬೇರೆ ಬೇರೆ, ಒಂದರ ಕಪ್ಲಿಂಗ್ (ಎರಡು ಪೈಪು ಜೋಡಿಸುವ ತುಂಡು) ಇನ್ನೊಂದಕ್ಕೆ ಕೂರುವುದಿಲ್ಲ. ಒಂದು ತುಂಡು ತಪ್ಪು ತಂದರೆ ಮತ್ತೆ ಕೊಪ್ಪದ ಪೇಟೆಗೆ ಹೋಗಬೇಕು, ಅಲ್ಲಿಗೆ ಆ ದಿನ ಮುಗಿಯಿತು.

ನಾನು ಬರುವವರೆಗೆ ಸಣ್ಣ ಬಿರುಕಿಗೆ ಹಳೇ ಸೈಕಲ್ ಟ್ಯೂಬೇ ಉತ್ತಮ. ಉದ್ದಕ್ಕೆ ಪಟ್ಟಿ ಕತ್ತರಿಸಿ, ಎಳೆದು ಎಳೆದು ಬಿರುಕಿನ ಎರಡೂ ಕಡೆ ಒಂದು ಗೇಣು ದಾಟುವ ಹಾಗೆ ಸುತ್ತಿ, ಮೇಲೆ ತಂತಿ ಕಟ್ಟಿ. ಬಿರುಕು ಮುಚ್ಚುವ ಎಂಸೀಲ್ ಮೇಣವನ್ನು ನೀರು ಚಿಮ್ಮುತ್ತಿರುವಾಗ ಮೆತ್ತಿದರೆ ಹಿಡಿಯುವುದಿಲ್ಲ. ಪೈಪು ಅಂಟಿಸುವ ಗಮ್ ಹಾಕಲೂ ಪೈಪಿನ ತುದಿ ಒಣಗಿರಬೇಕು. ವಾಲ್ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದ್ದರೆ ಪೈಪಿನೊಳಗೆ ಬ್ರೆಡ್ಡಿನ ಬಿಳಿ ಭಾಗ ಉಂಡೆ ಮಾಡಿ ತುರುಕುತ್ತೇನೆ. ಜಾಯಿಂಟು ಕೂರುವವರೆಗೆ ಅದು ನೀರು ತಡೆಯುತ್ತದೆ, ಆಮೇಲೆ ಕರಗಿ ನಲ್ಲಿಯಲ್ಲಿ ಹೋಗುತ್ತದೆ. ನಲ್ಲಿಯ ಜಾಲರಿ ಬಿಚ್ಚಿಡಬೇಕು ಅಷ್ಟೆ.

ಕಕ್ಕಸಿನ ಗುಂಡಿಯ ವಿಷಯ ಬೇರೆ. ಆಷಾಢದಲ್ಲಿ ನೆಲದ ನೀರು ಮೇಲೆ ಬಂದು ಗುಂಡಿ ತುಂಬಿ, ಕಮೋಡಿನಲ್ಲಿ ನೀರು ಇಳಿಯುವುದಿಲ್ಲ. ಆಸಿಡ್ ಸುರಿದು ಪ್ರಯೋಜನ ಇಲ್ಲ, ಇಳಿಯಲು ಜಾಗವೇ ಇಲ್ಲವಲ್ಲ. "ಯಾರನ್ನಾದರೂ ಒಳಗಿಳಿಸಿ ತೆಗೆಸು" ಅಂತ ಈಗಲೂ ಕೆಲವರು ಕೇಳುತ್ತಾರೆ. ನಾನು ಇಳಿಯುವುದಿಲ್ಲ, ಯಾರನ್ನೂ ಇಳಿಸುವುದಿಲ್ಲ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣೆಯ ಸಾಧನ ಇಲ್ಲದೆ ಹಾಗೆ ಇಳಿಸುವುದು ಅಪರಾಧ ಕೂಡ. ಹೀರುವ ಟ್ಯಾಂಕರನ್ನು ರಸ್ತೆ ಗಟ್ಟಿ ಇರುವಾಗ, ಮೇ ತಿಂಗಳೊಳಗೇ ಕರೆಸಿ. ಜುಲೈನಲ್ಲಿ ಆ ಲಾರಿ ನಿಮ್ಮ ಅಂಗಳದವರೆಗೆ ಬರುವುದಿಲ್ಲ.

"ಎಲ್ಲ ಹೇಳಿಕೊಟ್ಟರೆ ನಮ್ಮನ್ನು ಯಾರು ಕರೀತಾರೆ?" ಅಂತ ಜೊತೆಯ ಕೆಲಸಗಾರರು ಕೇಳುತ್ತಾರೆ. ಕರೆಯುತ್ತಾರೆ. ನೀರು ನಿಂತ ಮನೆಗೆ ಮರುದಿನ ಬೆಳಕಿನಲ್ಲಿ ಹೋಗಿ ಸರಿಯಾಗಿ ಕೆಲಸ ಮಾಡಿ ಬರುತ್ತೇನೆ, ರಾತ್ರಿ ಟಾರ್ಚ್ ಕಚ್ಚಿಕೊಂಡು ಮಾಡಿದ್ದಕ್ಕಿಂತ ಅದು ಜಾಸ್ತಿ ಬಾಳಿಕೆ ಬರುತ್ತದೆ. ಈ ಮಳೆಗಾಲಕ್ಕೆ ಒಂದೇ ದಾರಿಯ ಮನೆಗಳವರು ಸೇರಿ ಒಂದು ಡಬ್ಬಿ ಇಟ್ಟುಕೊಳ್ಳಿ ಅಂತ ಹೇಳುತ್ತಿದ್ದೇನೆ: ಎಂಡ್ ಕ್ಯಾಪ್, ಕಪ್ಲಿಂಗ್, ಬಾಲ್ ವಾಲ್, ಕ್ಲಿಪ್ಪು, ಟೇಪು, ಗಮ್, ಆಕ್ಸಾ ಬ್ಲೇಡು. ಅರ್ಧ, ಮುಕ್ಕಾಲು, ಒಂದು ಇಂಚು, ಎಲ್ಲ ಅಳತೆಯದೂ ಇರಲಿ. ಹಾಲಿನ ಡೈರಿಯಲ್ಲಿಟ್ಟರೆ ಒಳ್ಳೆಯದು, ದಿನಾ ಎರಡು ಹೊತ್ತು ಅದರ ಬಾಗಿಲು ತೆರೆಯುತ್ತದೆ.